ಸೂಟ್‌ಕೇಸ್‌ಗೆ ತಕರಾರಿಲ್ಲ, ಬ್ಯಾಟರಿಗೆ ಇದೆ

ಪ್ರಶ್ನೆ: ಮಗ ಓದಲು ಜರ್ಮನಿಗೆ ಹೊರಟಿದ್ದಾನೆ. ಮೊಬೈಲ್ ಚಾರ್ಜ್ ಮಾಡುವ ಯುಎಸ್‌ಬಿ ಇರುವ ಸ್ಮಾರ್ಟ್ ಸೂಟ್‌ಕೇಸ್ ಆನ್‌ಲೈನ್‌ನಲ್ಲಿ ತರಿಸಿದ್ದೇವೆ. ಇದನ್ನು ವಿಮಾನದಲ್ಲಿ ಬಿಡುವುದಿಲ್ಲ ಅಂತ ಪಕ್ಕದ ಮನೆಯವರು ಹೆದರಿಸುತ್ತಿದ್ದಾರೆ. ನಿಜವಾ ಸಾರ್?
– ಓದುಗರೊಬ್ಬರು, ವಿದ್ಯಾನಗರ, ದಾವಣಗೆರೆ

ಉತ್ತರ: ಅರ್ಧ ನಿಜ ಅಮ್ಮಾ. ಇವತ್ತೇ ಒಂದು ಕೆಲಸ ಮಾಡಿ. ಸೂಟ್‌ಕೇಸ್ ತೆರೆದು ಆ ಯುಎಸ್‌ಬಿ ವೈರ್ ಹಿಡಿದುಕೊಂಡೇ ಹೋಗಿ, ಕೊನೆಗೆ ಎಲ್ಲಿ ಮುಟ್ಟುತ್ತದೆ ನೋಡಿ. ಕೆಲವದರಲ್ಲಿ ಬರೀ ವೈರ್ ಇರುತ್ತದೆ, ಪವರ್ ಬ್ಯಾಂಕ್ ನಾವೇ ಸಿಕ್ಕಿಸಿಕೊಳ್ಳಬೇಕು. ಅಂಥದ್ದಾದರೆ ಯೋಚನೆಯೇ ಬೇಡ. ಬ್ಯಾಟರಿ ಒಳಗೇ ಇದ್ದು ಕೈಯಲ್ಲಿ ಎಳೆದರೆ ಬರುವ ಹಾಗಿದ್ದರೂ ಸರಿ. ಚೆಕ್-ಇನ್‌ಗೆ ಕೊಡುವ ಮೊದಲು ಅದನ್ನು ತೆಗೆದು ಮಗ ಕೈಚೀಲದಲ್ಲಿ ಇಟ್ಟುಕೊಳ್ಳಲಿ. ಆದರೆ ಹಿಡಿಕೆಯ ಬುಡದಲ್ಲಿ ಸ್ಕ್ರೂ ಹಾಕಿ ಕೂರಿಸಿಬಿಟ್ಟಿದ್ದರೆ ದಯವಿಟ್ಟು ವಾಪಸ್ ಮಾಡಿ. 2018ರ ಜನವರಿಯಿಂದಲೇ ಅಮೆರಿಕದ ದೊಡ್ಡ ವಿಮಾನ ಕಂಪನಿಗಳು ಬ್ಯಾಟರಿ ತೆಗೆಯಲು ಬಾರದ ಸೂಟ್‌ಕೇಸ್ ಬೇಡ ಎಂದವು, ಈಗ ಹೆಚ್ಚು ಕಡಿಮೆ ಎಲ್ಲ ಕಡೆ ಅದೇ ನಿಯಮ.

ಯಾಕೆ ಇಷ್ಟು ಕಟ್ಟುನಿಟ್ಟು ಅಂದರೆ, ಇದರಲ್ಲಿರುವ ಲಿಥಿಯಂ ಬ್ಯಾಟರಿಯ ಬೆಂಕಿಯೇ ಬೇರೆ ಥರ. ಒಳಗೆ ಶಾರ್ಟ್ ಆದರೆ ಸೆಲ್ ತಾನಾಗಿಯೇ ಕಾಯುತ್ತಾ ಹೋಗುತ್ತದೆ, ಒಂದು ಹೊತ್ತಿಕೊಂಡರೆ ಪಕ್ಕದ್ದು, ಅದರ ಪಕ್ಕದ್ದು, ಪಟಾಕಿ ಸರದ ಹಾಗೆ. ವಿಮಾನದ ಹೊಟ್ಟೆಯೊಳಗೆ ಲಗೇಜ್ ಇಡುವ ಜಾಗದಲ್ಲಿ ಹ್ಯಾಲಾನ್ ಎಂಬ ಗ್ಯಾಸ್ ಬಿಟ್ಟು ಬೆಂಕಿ ಆರಿಸುವ ವ್ಯವಸ್ಥೆ ಇದೆ. ಅದು ಜ್ವಾಲೆಯನ್ನು ಅಡಗಿಸುತ್ತದೆ, ಬ್ಯಾಟರಿಯೊಳಗಿನ ಕಾವನ್ನು ನಿಲ್ಲಿಸುವುದಿಲ್ಲ. ಕಾವು ಇಳಿಯಬೇಕಾದರೆ ನೀರು ಸುರಿಯಬೇಕು. ಹಾರುತ್ತಿರುವಾಗ ಅಲ್ಲಿಗೆ ಹೋಗಿ ಸುರಿಯುವವರು ಯಾರು? ಸೀಟಿನ ಹತ್ತಿರವಾದರೆ ಹೊಗೆ ಕಣ್ಣಿಗೆ ಬೀಳುತ್ತದೆ, ಸಿಬ್ಬಂದಿ ಓಡಿ ಬರುತ್ತಾರೆ. 2025ರ ಅಕ್ಟೋಬರ್‌ನಲ್ಲಿ ದಿಲ್ಲಿಯಿಂದ ದಿಮಾಪುರಕ್ಕೆ ಹೊರಟಿದ್ದ ವಿಮಾನ ಇನ್ನೂ ನೆಲದ ಮೇಲೆ ಚಲಿಸುತ್ತಿದ್ದಾಗ ಪ್ರಯಾಣಿಕರೊಬ್ಬರ ಪವರ್ ಬ್ಯಾಂಕ್‌ಗೆ ಬೆಂಕಿ ಹತ್ತಿತು. ಸಿಬ್ಬಂದಿ ಕೂಡಲೇ ಆರಿಸಿದರು, ಯಾರಿಗೂ ಏನೂ ಆಗಲಿಲ್ಲ. ಅದು ಕಣ್ಣೆದುರು ಇದ್ದದ್ದೇ ಒಳ್ಳೆಯದಾಯಿತು.

ಪ್ರಶ್ನೆ: ಅಪ್ಪ ಅಮ್ಮ ಮೊದಲ ಸಲ ದುಬೈಗೆ ಬರುತ್ತಿದ್ದಾರೆ. ಬ್ಯಾಗ್ ಎಲ್ಲಿದೆ ಅಂತ ಐಫೋನ್‌ನಲ್ಲಿ ತೋರಿಸುವ ಏರ್‌ಟ್ಯಾಗ್ ಅವರ ಬ್ಯಾಗಿಗೆ ಹಾಕಬಹುದಾ? ಅದರಲ್ಲೂ ಬ್ಯಾಟರಿ ಇದೆ ಅಲ್ವಾ?
– ಚಿತ್ರದುರ್ಗದ ಓದುಗರು, ಸದ್ಯ ದುಬೈ

ಉತ್ತರ: ಇದೆ, ಆದರೂ ಧೈರ್ಯವಾಗಿ ಹಾಕಿ. ಚೆಕ್-ಇನ್ ಬ್ಯಾಗಿಗೂ ಹಾಕಬಹುದು. ಅದರಲ್ಲಿರುವುದು ಸಿಆರ್2032 ಎಂಬ ಬಟನ್ ಸೆಲ್. ಇಂಥ ಟ್ರ್ಯಾಕರ್‌ಗೆ ಮಿತಿ 0.3 ಗ್ರಾಂ ಲಿಥಿಯಂ, ಈ ಸೆಲ್‌ನಲ್ಲಿ ಇರುವುದು ಸುಮಾರು 0.1 ಗ್ರಾಂ. 2022ರಲ್ಲಿ ಜರ್ಮನಿಯ ಲುಫ್ತಾನ್ಸಾ ಇದು ಕೂಡದು ಎಂದಿತ್ತು. ಅಲ್ಲಿನ ವಿಮಾನಯಾನ ಅಧಿಕಾರಿಗಳು ಅಪಾಯ ತೀರಾ ಕಡಿಮೆ ಎಂದ ಮೇಲೆ ಕೆಲವೇ ದಿನಗಳಲ್ಲಿ ಒಪ್ಪಿಕೊಂಡಿತು.

ಆದರೆ ಟ್ರ್ಯಾಕರ್ ಹಾಕಿದ ಮಾತ್ರಕ್ಕೆ ಬ್ಯಾಗ್ ಬಂದುಬಿಡುವುದಿಲ್ಲ. ಅದು ಅಕ್ಕಪಕ್ಕ ಇರುವ ಬೇರೆಯವರ ಐಫೋನ್‌ಗಳ ಮೂಲಕವೇ ತನ್ನ ಜಾಗ ತಿಳಿಸುವುದು, ಆಕಾಶದಲ್ಲಿರುವಾಗ ಮ್ಯಾಪ್ ಸುಮ್ನೆ ನಿಂತಿದ್ದರೆ ಗಾಬರಿ ಬೇಡ. ಅಪ್ಪನದು ಆಂಡ್ರಾಯ್ಡ್ ಆದರೆ ಏರ್‌ಟ್ಯಾಗನ್ನು ನಿಮ್ಮ ಐಫೋನ್‌ಗೆ ಜೋಡಿಸಿರಬೇಕು, ಇಲ್ಲವೇ ಆಂಡ್ರಾಯ್ಡ್‌ಗೆ ಆಗುವ ಬೇರೆ ಟ್ರ್ಯಾಕರ್ ಕೊಳ್ಳಬೇಕು. ಚೆಕ್-ಇನ್ ಆದಾಗ ಬೋರ್ಡಿಂಗ್ ಪಾಸ್ ಜೊತೆ ಕೊಡುವ ಲಗೇಜ್ ಚೀಟಿಯ ಫೋಟೋ ತೆಗೆದು ವಾಟ್ಸ್ಯಾಪ್‌ನಲ್ಲಿ ಕಳಿಸಲು ಅವರಿಗೆ ಹೇಳಿ. ಬ್ಯಾಗ್ ಬರದಿದ್ದರೆ ಏರ್‌ಪೋರ್ಟ್ ಬಿಟ್ಟು ಹೊರಗೆ ಬರುವ ಮೊದಲೇ ಬ್ಯಾಗೇಜ್ ಕೌಂಟರ್‌ನಲ್ಲಿ ದೂರು ಬರೆಸಬೇಕು. ಹಿರಿಯರು ಸುಸ್ತಾಗಿ ಮನೆಗೆ ಬಂದುಬಿಡುತ್ತಾರೆ, ಆಮೇಲೆ ಓಡಾಟ ಜಾಸ್ತಿ.

ಪ್ರಶ್ನೆ: ನನ್ನದು 20,000 ಎಂಎಎಚ್ ಪವರ್ ಬ್ಯಾಂಕ್. 100 ವ್ಯಾಟ್ ಅವರ್ ಒಳಗೆ ಇರಬೇಕಂತೆ. ಲೆಕ್ಕ ಹೇಗೆ?
– ಇಂಜಿನಿಯರಿಂಗ್ ವಿದ್ಯಾರ್ಥಿ, ದಾವಣಗೆರೆ

ಉತ್ತರ: 20,000ವನ್ನು 3.7 ವೋಲ್ಟ್‌ನಿಂದ ಗುಣಿಸಿ 1000ದಿಂದ ಭಾಗಿಸಪ್ಪ. 74 ವ್ಯಾಟ್ ಅವರ್ ಬಂತಲ್ಲ, ಧಾರಾಳವಾಗಿ ಒಯ್ಯಬಹುದು. 27,000 ಎಂಎಎಚ್‌ವರೆಗೂ ನಡೆಯುತ್ತದೆ. 100ರಿಂದ 160 ವ್ಯಾಟ್ ಅವರ್ ನಡುವೆ ಇದ್ದರೆ ವಿಮಾನ ಕಂಪನಿಯ ಒಪ್ಪಿಗೆ ಬೇಕು, 160 ದಾಟಿದರೆ ಇಲ್ಲವೇ ಇಲ್ಲ. ಪವರ್ ಬ್ಯಾಂಕ್ ಮೇಲೆ ಈ ಅಂಕಿಗಳ ಬರಹ ಅಳಿಸಿಹೋಗಿದ್ದರೆ ಸೆಕ್ಯುರಿಟಿಯವರು ತೆಗೆದಿಟ್ಟುಬಿಡಬಹುದು. ಹೊಟ್ಟೆ ಉಬ್ಬಿದ ಪವರ್ ಬ್ಯಾಂಕನ್ನಂತೂ ಮನೆಯಿಂದಲೇ ಹೊರಡಿಸಬೇಡ.

ನಮ್ಮ ದೇಶದ ವಿಮಾನಯಾನ ನಿಯಂತ್ರಣ ಸಂಸ್ಥೆ ಡಿಜಿಸಿಎ ಈಗ ವಿಮಾನದೊಳಗೆ ಪವರ್ ಬ್ಯಾಂಕ್‌ನಿಂದ ಚಾರ್ಜ್ ಮಾಡಬಾರದು, ತಲೆಯ ಮೇಲಿನ ಲಗೇಜ್ ಗೂಡಿನಲ್ಲೂ ಇಡಬಾರದು ಎಂದಿದೆ. ಮುಂದಿನ ಸೀಟಿನ ಅಡಿಯ ಬ್ಯಾಗಿನಲ್ಲಿಟ್ಟುಕೋ. ಇನ್ನೊಂದು ಮಾತು. ಶಿವಮೊಗ್ಗದಿಂದ ಹಾರುವ ಎಟಿಆರ್‌ನಂಥ ಸಣ್ಣ ವಿಮಾನಗಳಲ್ಲಿ ಮೇಲಿನ ಗೂಡು ಚಿಕ್ಕದು. ಹತ್ತುವಾಗ ಮೆಟ್ಟಿಲ ಬುಡದಲ್ಲೇ ನಿನ್ನ ಕೈಬ್ಯಾಗ್ ಇಸಿದುಕೊಂಡು ಚೆಕ್-ಇನ್ ಲಗೇಜ್ ಇಡುವ ಜಾಗಕ್ಕೆ ಹಾಕಿಬಿಡಬಹುದು. ಹಿಂದೆ ಸಾಲು ಇದೆ, ಅವಸರ ಮಾಡುತ್ತಾರೆ ಅಂತ ಹಾಗೇ ಕೊಡಬೇಡ. ಅಲ್ಲೇ ನಿಂತು, ಜಿಪ್ ಎಳೆದು, ಪವರ್ ಬ್ಯಾಂಕ್ ತೆಗೆದುಕೊಂಡು ಆಮೇಲೆ ಬ್ಯಾಗ್ ಕೊಡು.