ವೈಫೈ ಕನೆಕ್ಟ್ ಆಗಿದೆ, ಆದರೆ ಲ್ಯಾಪ್‌ಟಾಪ್‌ನಲ್ಲಿ ಇಂಟರ್ನೆಟ್ ಬರುತ್ತಿಲ್ಲ. ಏನು ಮಾಡಬೇಕು?

ಧಾರವಾಡದ ಸಪ್ತಾಪುರದಲ್ಲಿ ಬಾಡಿಗೆ ಕೋಣೆ, ಅದೇ ವೈಫೈಯಲ್ಲಿ ಮೊಬೈಲ್‌ಗೆ ಇಂಟರ್ನೆಟ್ ಬರುತ್ತದೆ, ವಿಂಡೋಸ್ ಲ್ಯಾಪ್‌ಟಾಪ್‌ಗೆ ಮಾತ್ರ ಇಲ್ಲ ಎಂದು ಬರೆದಿದ್ದೀರಿ. ಮೊದಲು ಮೊಬೈಲ್ ಡೇಟಾ ಆಫ್ ಮಾಡಿ ನೋಡಿ. ಎಷ್ಟೋ ಜನ ಇಲ್ಲೇ ಎಡವುತ್ತಾರೆ. ಆಗಲೂ ಬಂದರೆ ದೋಷ ಬಹುತೇಕ ಲ್ಯಾಪ್‌ಟಾಪ್‌ನದೇ. ‘ಕನೆಕ್ಟೆಡ್’ ಎಂದರೆ ರೂಟರ್‌ವರೆಗೆ ದಾರಿ ಇದೆ ಎಂದಷ್ಟೇ ಅರ್ಥ.

ವೈಫೈ ಪ್ರಾಪರ್ಟೀಸ್‌ನಲ್ಲಿ ಐಪಿವಿ4 ವಿಳಾಸ (ನೆಟ್‌ವರ್ಕ್‌ನಲ್ಲಿ ಲ್ಯಾಪ್‌ಟಾಪ್‌ಗೆ ಸಿಗುವ ಅಂಕಿಯ ವಿಳಾಸ) ನೋಡಿ. ಅದು 169.254 ಎಂದು ಆರಂಭವಾಗಿದ್ದರೆ ರೂಟರ್‌ನಿಂದ ವಿಳಾಸ ಸಿಗದೆ ಲ್ಯಾಪ್‌ಟಾಪ್ ತಾನೇ ಒಂದನ್ನು ಇಟ್ಟುಕೊಂಡಿದೆ. ಐಪಿ ಅಸೈನ್‌ಮೆಂಟ್ ‘ಆಟೋಮ್ಯಾಟಿಕ್’ ಇದೆಯೇ ನೋಡಿ, ವೈಫೈಯನ್ನು ‘ಫರ್ಗೆಟ್’ ಮಾಡಿ ಮತ್ತೆ ಪಾಸ್‌ವರ್ಡ್ ಹಾಕಿ. ವಿಳಾಸ ಸರಿಯಿದ್ದರೆ ಕಮಾಂಡ್ ಪ್ರಾಂಪ್ಟ್‌ನಿಂದ 8.8.8.8ಕ್ಕೆ ಪಿಂಗ್ ಮಾಡಿ, ಅಂದರೆ ping 8.8.8.8 ಎಂದು ಬರೆದು ಗೂಗಲ್‌ನ ಆ ಸರ್ವರ್‌ನಿಂದ ಉತ್ತರ ಬರುತ್ತದೆಯೇ ನೋಡಿ. ಉತ್ತರ ಬಂದೂ ಜಾಲತಾಣಗಳು ತೆರೆಯದಿದ್ದರೆ ತೊಂದರೆ ಬಹುತೇಕ ಡಿಎನ್‌ಎಸ್‌ನದು, ಅಂದರೆ ತಾಣದ ಹೆಸರನ್ನು ಅಂಕಿಯ ವಿಳಾಸವಾಗಿ ಬದಲಿಸುವ ವ್ಯವಸ್ಥೆಯದು. ಡಿಎನ್‌ಎಸ್ ಜಾಗದಲ್ಲಿ 8.8.8.8 (ಗೂಗಲ್‌ನದು) ಅಥವಾ 1.1.1.1 (ಕ್ಲೌಡ್‌ಫ್ಲೇರ್‌ನದು) ಹಾಕಿ.

ಗಡಿಯಾರವನ್ನೂ ದಯವಿಟ್ಟು ನೋಡಿ. ಗದಗದಲ್ಲಿರುವ ನನ್ನ ತಂಗಿಯ ಹಳೆಯ ಲ್ಯಾಪ್‌ಟಾಪ್‌ನಲ್ಲಿ ಯಾವ ಪುಟವೂ ತೆರೆಯುತ್ತಿರಲಿಲ್ಲ. ಎರಡು ಗಂಟೆ ತಡಕಾಡಿದ ಮೇಲೆ ಮೂಲೆಯಲ್ಲಿದ್ದ ದಿನಾಂಕ ಕಣ್ಣಿಗೆ ಬಿತ್ತು: ಹಲವು ವರ್ಷ ಹಿಂದಿನದು. ದಿನಾಂಕ ತಪ್ಪಿದ್ದರೆ ತಾಣಗಳ ಭದ್ರತಾ ಪ್ರಮಾಣಪತ್ರ ಅಮಾನ್ಯವೆಂದು ಬ್ರೌಸರ್ ತಡೆಯುತ್ತದೆ. ಗಡಿಯಾರವನ್ನು ನಡೆಸುವ, ಒಳಗಿನ ನಾಣ್ಯದಂಥ ಬ್ಯಾಟರಿ ಬದಲಿಸಿದ ಮೇಲೆ ದಿನಾಂಕ ಮತ್ತೆ ಹಿಂದೆ ಹೋಗಲಿಲ್ಲ.

ವಿಪಿಎನ್, ಪ್ರಾಕ್ಸಿ (ಸಂಪರ್ಕವನ್ನು ಬೇರೊಂದು ಸರ್ವರ್ ಮೂಲಕ ಒಯ್ಯುವ ವ್ಯವಸ್ಥೆಗಳು) ಇದ್ದರೆ ಆಫ್ ಮಾಡಿ. ನೆಟ್‌ವರ್ಕ್ ಸೆಟ್ಟಿಂಗ್‌ಗಳನ್ನೆಲ್ಲ ಮೊದಲಿನಂತೆ ಮಾಡುವ ‘ನೆಟ್‌ವರ್ಕ್ ರಿಸೆಟ್’ ಕೊನೆಗಿರಲಿ. ಉಳಿಸಿಟ್ಟ ವೈಫೈ ಪಾಸ್‌ವರ್ಡ್‌ಗಳು ಅಳಿಸಿಹೋಗಬಹುದು, ಮೊದಲೇ ಬರೆದಿಟ್ಟುಕೊಳ್ಳಿ.