ಮೊಸರಿನ ಗಡಿಗೆ ಮೇಲೆ ಸಿಟ್ಟು ಬೇಡ

ಪ್ರಶ್ನೆ: ಅಕ್ಕಾರೆ, ನಾನು ಮಗ್ಗದ ಕೆಲಸದವನು, ವಯಸ್ಸು 46. ಹೋದ ತಿಂಗಳು ಸೊಂಟ ಹಿಡಿದು ಉರುಳಾಡಿಬಿಟ್ಟೆ. 4 ಎಂಎಂ ಕಿಡ್ನಿ ಕಲ್ಲು ತಾನಾಗಿಯೇ ಬಿತ್ತು. ಲ್ಯಾಬಿನವರು ಕ್ಯಾಲ್ಸಿಯಂ ಆಕ್ಸಲೇಟ್ ಅಂದರು. ಅವತ್ತಿನಿಂದ ಹಾಲು, ಮೊಸರು, ಟೊಮೆಟೊ ಬಿಟ್ಟಿದ್ದೇನೆ. ಶಕ್ತಿಗೆ ಅಂತ ದಿನಾ ಬೆಳಿಗ್ಗೆ ಹಸಿ ಪಾಲಕ್ ರುಬ್ಬಿ ಒಂದು ಗ್ಲಾಸ್ ಕುಡಿಯುತ್ತೇನೆ. ಶೇಂಗಾ ಚಟ್ನಿಯನ್ನೂ ಬಿಡಬೇಕೇ?
– ಒಬ್ಬ ಓದುಗರು, ಬೆಟಗೇರಿ

ಉತ್ತರ: ಅಣ್ಣಾರೆ, ನೀವು ಬಿಟ್ಟಿದ್ದನ್ನು ತಿನ್ನಬೇಕು, ಹಿಡಿದಿದ್ದನ್ನು ಬಿಡಬೇಕು!

ಕ್ಯಾಲ್ಸಿಯಂ ಕಲ್ಲು ಅಂದಕೂಡಲೇ ಎಲ್ಲರ ಸಿಟ್ಟೂ ಮೊಸರಿನ ಗಡಿಗೆ ಮೇಲೆ. ಧಾರವಾಡದಲ್ಲಿ ಓದುವಾಗ ನನಗೂ ಕಲ್ಲಾಗಿತ್ತು. ನಮ್ಮವ್ವ ಆರು ತಿಂಗಳು ನನ್ನ ತಾಟಿಗೆ ಮೊಸರು ಹಾಕಲಿಲ್ಲ. ರಾಜಗಿರಿ ಪಲ್ಯ ಮಾತ್ರ ಎರಡೆರಡು ಸಲ ಬಡಿಸುತ್ತಿದ್ದಳು. ಪಾಪ, ಅವಳಿಗೇನು ಗೊತ್ತು, ಆ ಸೊಪ್ಪಿನಲ್ಲೇ ಕಲ್ಲು ಕಟ್ಟುವ ಆಕ್ಸಲೇಟ್ ಅನ್ನುವ ಪದಾರ್ಥ ಜಾಸ್ತಿ ಅಂತ.

ಊಟದ ಜೊತೆ ಮೊಸರು ಇದ್ದರೆ ಅದರ ಕ್ಯಾಲ್ಸಿಯಂ ಕರುಳಿನಲ್ಲೇ ಆಕ್ಸಲೇಟನ್ನು ಹಿಡಿದುಕೊಳ್ಳುತ್ತದೆ. ಎರಡೂ ಮಲದಲ್ಲಿ ಹೋಗುತ್ತವೆ. ಮೊಸರು ಬಿಟ್ಟರೆ ಆಕ್ಸಲೇಟ್ ರಕ್ತಕ್ಕೆ ಸೇರಿ ಕಿಡ್ನಿಗೆ ಬರುತ್ತದೆ, ಅಲ್ಲಿ ಮೂತ್ರದ ಕ್ಯಾಲ್ಸಿಯಂ ಜೊತೆ ಸೇರಿ ಹರಳುಗಟ್ಟುತ್ತದೆ. ಅದಕ್ಕೇ ರೊಟ್ಟಿ ಪಲ್ಯದ ಜೊತೆಗೇ ಮೊಸರು ಇರಲಿ, ರಾತ್ರಿ ಮಲಗುವಾಗ ಕುಡಿಯುವ ಹಾಲಿಗೆ ಈ ಕೆಲಸ ಆಗದು. ಕ್ಯಾಲ್ಸಿಯಂ ಮಾತ್ರೆಯನ್ನು ಮಾತ್ರ ಡಾಕ್ಟರನ್ನು ಕೇಳದೆ ನುಂಗಬೇಡಿ.

ಇನ್ನು ಆ ಜ್ಯೂಸು. ಆಕ್ಸಲೇಟ್‌ಗೆ ಕಟ್ಟು ಹಾಕಬೇಕಾದವರಿಗೆ ದಿನಕ್ಕೆ 100 ಮಿಲಿಗ್ರಾಂ ದಾಟಬೇಡಿ ಅನ್ನುವುದು ರೂಢಿ. 100 ಗ್ರಾಂ ಹಸಿ ಪಾಲಕ್‌ನಲ್ಲಿ ನೂರಾರು ಮಿಲಿಗ್ರಾಂ ಇರುತ್ತದೆ. ಇಂಥ ಜ್ಯೂಸು ಕುಡಿದು ಕಿಡ್ನಿಯೇ ಕೆಡಿಸಿಕೊಂಡವರೂ ಇದ್ದಾರೆ. ಇವತ್ತೇ ನಿಲ್ಲಿಸಿ. ಮುಂದೆ ಯಾವಾಗಾದರೂ ಆಸೆಯಾದರೆ ಜಾಸ್ತಿ ನೀರಿನಲ್ಲಿ ಕುದಿಸಿ, ಆ ನೀರು ಚೆಲ್ಲಿ, ಸ್ವಲ್ಪ ತಿನ್ನಿ. ಮೆಂತೆಪಲ್ಯ ಆಗಬಹುದು. ಟೊಮೆಟೊ ಸುಮ್ನೆ ಬೈಸಿಕೊಂಡಿದೆ, ಅದರಲ್ಲಿ ಆಕ್ಸಲೇಟ್ ಕಡಿಮೆ. ಶೇಂಗಾದಲ್ಲಿ ಇದೆ. ಆದರೆ ಗದಗದವರಿಗೆ ಶೇಂಗಾ ಚಟ್ನಿ ಬಿಡಿ ಅನ್ನಲು ನನಗೆ ಬಾಯಿ ಬರದು. ಮೊಸರು ಕಲಸಿಕೊಂಡು ಒಂದು ಚಮಚ ತಿನ್ನಿ. ಹುರಿದ ಶೇಂಗಾ ಮುಷ್ಟಿಗಟ್ಟಲೆ ಬೇಡ.

ನನಗೆ ನಿಜವಾದ ಅನುಮಾನ ನಿಮ್ಮ ಮಗ್ಗದ ಮೇಲೆ. ಎದ್ದರೆ ಕೆಲಸ ನಿಲ್ಲುತ್ತದೆ ಅಂತ ನೀರೇ ಕುಡಿಯುವುದಿಲ್ಲ, ಅಲ್ವಾ? ದಿನಕ್ಕೆ ಎರಡರಿಂದ ಎರಡೂವರೆ ಲೀಟರ್ ಮೂತ್ರ ಹೋಗಬೇಕು. ಕುಡಿಯುವುದು ಅದಕ್ಕಿಂತ ಜಾಸ್ತಿಯೇ ಆಗಬೇಕು, ಬೇಸಿಗೆಯಲ್ಲಂತೂ ಇನ್ನೂ ಜಾಸ್ತಿ. ಮಗ್ಗದ ಪಕ್ಕದಲ್ಲೇ ತಂಬಿಗೆ ಇಟ್ಟುಕೊಳ್ಳಿ. ಮೂತ್ರ ಹಳದಿ ಕಂಡರೆ ಮತ್ತೆ ಕುಡಿಯಿರಿ. ಒಂದೆರಡು ಹೋಳು ನಿಂಬೆ ಹಿಂಡಿಕೊಂಡರೆ ಒಳ್ಳೆಯದು, ಉಪ್ಪು ಹಾಕಬೇಡಿ. ಉಪ್ಪು ಹೆಚ್ಚಿದಷ್ಟೂ ಮೂತ್ರದಲ್ಲಿ ಕ್ಯಾಲ್ಸಿಯಂ ಹೆಚ್ಚುತ್ತದೆ. ಸಂಜೆಯ ಮಿರ್ಚಿ, ಊಟದ ಹಪ್ಪಳ, ಉಪ್ಪಿನಕಾಯಿ ಎಲ್ಲ ಈ ಲೆಕ್ಕಕ್ಕೇ ಬರುತ್ತವೆ.

ಮುಂದಿನ ಸಲ ಡಾಕ್ಟರ ಹತ್ತಿರ ಹೋದಾಗ ಜ್ಯೂಸು ಕುಡಿಯುತ್ತಿದ್ದುದನ್ನು ಹೇಳಿ, ಕಿಡ್ನಿ ಹೇಗೆ ಕೆಲಸ ಮಾಡುತ್ತಿದೆ ಅಂತ ತಿಳಿಸುವ ಕ್ರಿಯಾಟಿನಿನ್ ರಕ್ತಪರೀಕ್ಷೆ ಒಮ್ಮೆ ಮಾಡಿಸಿಕೊಳ್ಳಿ. ನೋವಿನ ಜೊತೆ ಚಳಿಜ್ವರ ಬಂದರೆ ಮಾತ್ರ ಕಾಯಬೇಡಿ, ಆಗಲೇ ಆಸ್ಪತ್ರೆಗೆ ಹೋಗಿ.