ಹತ್ತನೇ ತರಗತಿಯ ಮಗಳ ಪ್ರಾಜೆಕ್ಟ್ ಮಂಡನೆಯನ್ನು ಎಲ್ಲರೂ ಮೆಚ್ಚಿದ್ದಾರೆ. ಮುಂದಿನ ಓದಿಗೆ ಅವಳನ್ನು ಹೇಗೆ ಹುರಿದುಂಬಿಸಲಿ?

ನಿಮ್ಮ ಪ್ರಶ್ನೆ ಓದಿ ನಿಜಕ್ಕೂ ಸಂತೋಷವಾಯಿತು. ಮೂಡಿಗೆರೆ ಕಡೆಯ ಸರ್ಕಾರಿ ಪ್ರೌಢಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದುತ್ತಿರುವ ನಿಮ್ಮ ಮಗಳು ಶಾಲೆಯ ಕೊನೆಯ ಮಂಡನೆಗೆ ನಿಮ್ಮದೇ ತೋಟದ ಅರೇಬಿಕಾ ಕಾಫಿ ಗಿಡಗಳಿಗೆ ಬಿದ್ದಿರುವ ಕಾಂಡಕೊರಕವನ್ನು (ಮರಿಹುಳುವಾಗಿದ್ದಾಗ ಕಾಂಡವನ್ನು ಒಳಗಿನಿಂದ ಕೊರೆಯುವ ಜೀರುಂಡೆ) ವಿಷಯವಾಗಿ ಆರಿಸಿಕೊಂಡಳು, ಬಂದಿದ್ದ ಅತಿಥಿಗಳು ‘ನೀನು ವಿಜ್ಞಾನಿಯಾಗುತ್ತೀಯಮ್ಮ’ ಎಂದು ಹರಸಿದರು, ಮನೆಯಲ್ಲಿ ಮಾತ್ರ ಡಾಕ್ಟರ್, ಎಂಜಿನಿಯರ್ ಬಿಟ್ಟು ಬೇರೆ ಮಾತಿಲ್ಲ, ಈಗ ಅವಳಿಗೆ ಏನು ಹೇಳಲಿ ಎಂದು ಕೇಳಿದ್ದೀರಿ. ಹಾಸನ ಜಿಲ್ಲೆಯ ಪ್ರೌಢಶಾಲೆಗಳಲ್ಲಿ ಬಹಳ ವರ್ಷ ವಿಜ್ಞಾನ ಕಲಿಸಿದವನಾಗಿ ಉತ್ತರಿಸುತ್ತಿದ್ದೇನೆ.

ಅತಿಥಿಗಳ ಹರಕೆ ದೊಡ್ಡದೇ. ಆದರೆ ಮರುದಿನ ಬೆಳಿಗ್ಗೆ ಅದನ್ನು ಹಿಡಿದುಕೊಂಡು ಏನು ಮಾಡಬೇಕೆಂಬುದು ಆ ವಯಸ್ಸಿನ ಮಗುವಿಗೆ ತಿಳಿಯುವುದಿಲ್ಲ. ಆದ್ದರಿಂದ ಅವಳು ಮಾಡಿದ ಕೆಲಸದಲ್ಲಿ ಯಾವುದು ಚೆನ್ನಾಗಿತ್ತು ಎಂಬುದನ್ನು ಮೊದಲು ಬಿಡಿಸಿ ಹೇಳಿ. ಎಲೆ ಹಳದಿಯಾಗಿ ಸೊರಗಿದ ಗಿಡಗಳನ್ನು ಗುರುತಿಸಿದ್ದು, ಕಾಂಡದ ಮೇಲೆ ಕೈಯಾಡಿಸಿ ಉಬ್ಬುಗೆರೆಗಳನ್ನು ಪತ್ತೆ ಮಾಡಿದ್ದು, ಒಣಗಿದ ಕಾಂಡವನ್ನು ಸೀಳಿ ಒಳಗಿನ ಸುರಂಗವನ್ನು ಎಲ್ಲರಿಗೂ ತೋರಿಸಿದ್ದು, ಇವು ಕೀಟಶಾಸ್ತ್ರದವರು ನಿಜವಾಗಿ ಮಾಡುವ ಕೆಲಸಗಳೇ. ನೆರಳು ತೆಳುವಾಗಿರುವ ಕಡೆ ಕಾಟ ಹೆಚ್ಚು ಎಂದು ಅವಳು ಬರೆದದ್ದಂತೂ ಪೂರ್ತಿ ಸರಿ: ಬಿಸಿಲು ಬೀಳುವ ಕಾಂಡದ ತೊಗಟೆಯ ಬಿರುಕುಗಳಲ್ಲಿ ಮೊಟ್ಟೆಯಿಡಲು ಈ ಜೀರುಂಡೆ ಬಯಸುತ್ತದೆ, ನೆರಳಿನ ಮರಗಳನ್ನು ಕಾಯ್ದುಕೊಳ್ಳಿ ಎಂದು ಕಾಫಿ ಮಂಡಳಿ ಹೇಳುತ್ತಾ ಬಂದಿರುವುದೂ ಇದೇ ಕಾರಣಕ್ಕೆ. ಪುಸ್ತಕದಲ್ಲಿ ಓದುವ ಮೊದಲೇ ಇದನ್ನು ತೋಟದಲ್ಲಿ ಕಂಡುಕೊಂಡಳು ಎಂಬ ಮಾತನ್ನು ಅವಳು ನಿಮ್ಮ ಬಾಯಿಂದ ಕೇಳಬೇಕು.

ಆಮೇಲೆ, ಆ ಕೆಲಸದಲ್ಲಿ ಯಾವುದನ್ನು ಮಾಡುವಾಗ ಹೊತ್ತು ಹೋದದ್ದೇ ತಿಳಿಯಲಿಲ್ಲ ಎಂದು ಅವಳನ್ನೇ ಕೇಳಿ. ಹುಳುವೂ ಗಿಡವೂ ಎಂದರೆ ನಾಲ್ಕು ವರ್ಷದ ಬಿ.ಎಸ್ಸಿ. ಕೃಷಿ ಅಥವಾ ತೋಟಗಾರಿಕೆ ಓದಿ, ಮುಂದೆ ಎಂ.ಎಸ್ಸಿ.ಯಲ್ಲಿ ಕೀಟಶಾಸ್ತ್ರ ಹಿಡಿಯಬಹುದು. ಹಾಸನದ ಕಾರೆಕೆರೆಯಲ್ಲಿ ಕೃಷಿ ಕಾಲೇಜು, ನಿಮ್ಮ ಮೂಡಿಗೆರೆಯಲ್ಲೇ ತೋಟಗಾರಿಕೆ ಕಾಲೇಜು ಇವೆ. ಕಾಫಿಯ ರುಚಿ, ಗುಣಮಟ್ಟದ ಕಡೆ ಒಲವಿದ್ದರೆ ಪದವಿಯ ನಂತರ ಕಾಫಿ ಮಂಡಳಿಯೇ ನಡೆಸುವ ಕಾಫಿ ಗುಣಮಟ್ಟ ನಿರ್ವಹಣೆಯ ಸ್ನಾತಕೋತ್ತರ ಡಿಪ್ಲೊಮಾ ಇದೆ. ಎಸ್ಸೆಸ್ಸೆಲ್ಸಿ ಆದ ಕೂಡಲೇ ಸೇರಬಹುದಾದ ಎರಡು ವರ್ಷದ ಕೃಷಿ ಡಿಪ್ಲೊಮಾವೂ ಉಂಟು. ಆದರೆ ಸಂಶೋಧನೆಯ ಆಸೆಯಿರುವವಳಿಗೆ ಪಿಯುಸಿ ವಿಜ್ಞಾನವೇ ಮೇಲು ಎಂಬುದು ನನ್ನ ಅಭಿಪ್ರಾಯ. ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಜೀವಶಾಸ್ತ್ರ ನಾಲ್ಕನ್ನೂ ತೆಗೆದುಕೊಂಡರೆ ವೈದ್ಯಕೀಯ, ಎಂಜಿನಿಯರಿಂಗ್, ಕೃಷಿ ಮೂರರ ದಾರಿಯೂ ತೆರೆದೇ ಇರುವುದರಿಂದ, ಮನೆಯವರೊಡನೆ ಈಗಲೇ ವಾದಕ್ಕಿಳಿಯುವ ಅಗತ್ಯವೂ ಬೀಳುವುದಿಲ್ಲ.

ನನಗೆ ಹೆಚ್ಚು ಕಾಳಜಿಯಿರುವುದು ಪಿಯುಸಿಯ ಮೊದಲ ತಿಂಗಳುಗಳ ಬಗ್ಗೆ. ಹತ್ತು ವರ್ಷ ಕನ್ನಡದಲ್ಲಿ ಓದಿದ ಚುರುಕಾದ ಮಕ್ಕಳು ಇಂಗ್ಲಿಷಿನ ಪಾಠ ಕೇಳಿ, ತಮಗೆ ವಿಜ್ಞಾನವೇ ಬರುವುದಿಲ್ಲವೆಂದು ತಿಳಿದು ಕುಗ್ಗಿಹೋಗುವುದನ್ನು ಕಂಡಿದ್ದೇನೆ. ಅವರಿಗೆ ಬಾರದಿದ್ದದ್ದು ವಿಜ್ಞಾನವಲ್ಲ, ಆ ಭಾಷೆ ಅಷ್ಟೇ. ಪರೀಕ್ಷೆ ಮುಗಿದ ಮೇಲೆ ಇದೇ ಮಂಡನೆಯನ್ನು ಅವಳು ನಿಧಾನವಾಗಿ ಇಂಗ್ಲಿಷಿನಲ್ಲಿ ಬರೆಯಲಿ. ವಿಷಯ ಅಂಗೈಯಲ್ಲಿರುವಾಗ ಪದಗಳನ್ನಷ್ಟೇ ಹುಡುಕಿದರೆ ಸಾಕು. ಶಾಲೆಯ ಇಂಗ್ಲಿಷ್ ಶಿಕ್ಷಕರು ತಿದ್ದಿಕೊಡಲು ಸಂತೋಷದಿಂದ ಒಪ್ಪುತ್ತಾರೆ.

ಕಾಲವೂ ಅವಳಿಗೆ ಅನುಕೂಲವಾಗಿದೆ. ಕಾಂಡಕೊರಕದ ಜೀರುಂಡೆ ಹೊರಬಂದು ಹಾರಾಡುವುದು ಏಪ್ರಿಲ್–ಮೇ ತಿಂಗಳಲ್ಲಿ, ಮತ್ತೆ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ. ಅಂದರೆ ಮಂಡನೆಯಲ್ಲಿ ಚಿತ್ರ ಬರೆದು ತೋರಿಸಿದ ಕೀಟವನ್ನು ಅವಳು ಈ ರಜೆಯಲ್ಲಿ ಕಣ್ಣಾರೆ ನೋಡಬಹುದು. ಚೆನ್ನಾಗಿ ಬಿಸಿಲು ಕಾಯುವ ಹೊತ್ತಿನಲ್ಲಿ ಕಾಂಡಗಳನ್ನು ಗಮನಿಸಿ ದಿನಾಂಕದೊಡನೆ ಬರೆದಿಡಲಿ. ಬಾಳೆಹೊನ್ನೂರಿನ ಸಮೀಪ 1925ರಲ್ಲಿ ಆರಂಭವಾದ ಕೇಂದ್ರ ಕಾಫಿ ಸಂಶೋಧನಾ ಸಂಸ್ಥೆ ನಿಮ್ಮದೇ ಜಿಲ್ಲೆಯಲ್ಲಿದೆ. ಮುಖ್ಯೋಪಾಧ್ಯಾಯರ ಮೂಲಕ ಪತ್ರ ಬರೆಸಿ, ಅನುಮತಿ ಸಿಕ್ಕರೆ ಆ ಟಿಪ್ಪಣಿಯೊಡನೆ ಅವಳನ್ನು ಒಮ್ಮೆ ಅಲ್ಲಿಗೆ ಕರೆದೊಯ್ಯಿರಿ. ವಿಜ್ಞಾನಿ ಎಂಬ ಮಾತಿಗೆ ಒಂದು ಮುಖ, ಒಂದು ಮೇಜು, ಒಂದು ದಿನದ ಕೆಲಸ ಅವಳ ಕಣ್ಣಿಗೆ ಬೀಳಲಿ.

ಇನ್ನೊಂದು ಕೆಲಸವನ್ನು ನೀವೇ ಮಾಡಬೇಕು. ಸಿಇಟಿಯಲ್ಲಿ ಗ್ರಾಮೀಣ ಮತ್ತು ಕನ್ನಡ ಮಾಧ್ಯಮದ ಮೀಸಲಾತಿಗೆ ಒಂದರಿಂದ ಹತ್ತನೇ ತರಗತಿವರೆಗಿನ ವ್ಯಾಸಂಗ ಪ್ರಮಾಣಪತ್ರ ಬೇಕಾಗುತ್ತದೆ, ಅದಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುಸಹಿಯೂ ಇರಬೇಕು. ಕೃಷಿ ಪದವಿಗಳಿಗೆ ಕೃಷಿಕರ ಮಕ್ಕಳ ಕೋಟಾ ಪ್ರತ್ಯೇಕವಾಗಿದೆ. ಅದಕ್ಕೆ ಪ್ರಾಯೋಗಿಕ ಪರೀಕ್ಷೆಯಿರುತ್ತದೆ. ಎರಡು ವರ್ಷದ ನಂತರ ಓಡಾಡುವ ಬದಲು, ವರ್ಗಾವಣೆ ಪತ್ರ ತರಲು ಹೋದಾಗಲೇ ವ್ಯಾಸಂಗ ಪ್ರಮಾಣಪತ್ರವನ್ನೂ ಕೇಳಿ ಪಡೆದುಕೊಳ್ಳಿ.